ಕ್ಯಾಮೆರಾ ಇರುವ ಹಕ್ಕಿ ಫೀಡರ್: ಎರಡು ಚಳಿಗಾಲ ಬಳಸಿದ ಮೇಲೆ

ಫೀಡರ್ ಅಂದರೆ ಹಕ್ಕಿಗಳಿಗೆ ಕಾಳು ಹಾಕಿಡುವ ತಟ್ಟೆ; ಇದರ ಕ್ಯಾಮೆರಾ ಬಂದ ಹಕ್ಕಿಯ ಫೋಟೋ ತೆಗೆದು ಫೋನಿಗೆ ಕಳಿಸುತ್ತದೆ. ನ್ಯೂಜೆರ್ಸಿಯ ನಮ್ಮ ಹಿತ್ತಿಲಲ್ಲಿ ಈ ಫೀಡರ್ ನಿಲ್ಲಿಸಿ ಎರಡು ಚಳಿಗಾಲ ಕಳೆದವು. ತಗೊಂಡಿದ್ದು ಕಾರ್ಡಿನಲ್ ಹಕ್ಕಿಯ ಕೆಂಪಿಗೆ ಮನಸೋತು. ಮೊದಲ ತಿಂಗಳು ಕಾರ್ಡಿನಲ್ ಫೋಟೋ ಸಿಕ್ಕಿದ್ದು ನಾಲ್ಕೇ ನಾಲ್ಕು. ಉಳಿದದ್ದೆಲ್ಲಾ ಸ್ಟಾರ್ಲಿಂಗ್, ಗ್ರ್ಯಾಕಲ್, ಗುಬ್ಬಚ್ಚಿ. ಇಲ್ಲಿ ಫೀಡರ್ ಇಟ್ಟವರು ಓಡಿಸಲು ನೋಡುವ ಹಕ್ಕಿಗಳು ಇವೇ. ಗುಂಪಾಗಿ ಬಂದು ಅರ್ಧ ಗಂಟೆಯಲ್ಲಿ ಕಾಳು ಖಾಲಿ ಮಾಡುತ್ತವೆ. ಸಿಟ್ಟಿನಲ್ಲಿ ಅವುಗಳ ಫೋಟೋ ಬಂದ ಹಾಗೇ ಅಳಿಸುತ್ತಿದ್ದೆ.

ಡಿಸೆಂಬರ್‌ನ ಒಂದು ಬೆಳಿಗ್ಗೆ ಸುಮ್ನೆ ಒಂದು ಸ್ಟಾರ್ಲಿಂಗ್ ಫೋಟೋ ದೊಡ್ಡದು ಮಾಡಿ ನೋಡಿದೆ. ಕಪ್ಪು ಮೈತುಂಬಾ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕಿ! ಏಪ್ರಿಲ್ ಹೊತ್ತಿಗೆ ಚುಕ್ಕಿಗಳು ಹೆಚ್ಚುಕಡಿಮೆ ಮಾಯ. ಮೈಮೇಲೆ ಹಸಿರು, ನೇರಳೆ ಹೊಳಪು. ಕಪ್ಪಗಿದ್ದ ಕೊಕ್ಕು ಹಳದಿ. ಹೊಸ ಗರಿ ಬಂದದ್ದಲ್ಲ, ಗರಿಗಳ ಬಿಳಿ ತುದಿ ಸವೆದು ಹೋಗುವುದು ಅಷ್ಟೇ. ಈ ಬದಲಾವಣೆ ವಾರವಾರವೂ ನನ್ನ ಫೋನಿನಲ್ಲಿದೆ. ಇದು ನಮ್ಮೂರ ಗೊರವಂಕದ ಕುಟುಂಬದ ಹಕ್ಕಿ. 1890ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಯುರೋಪಿನಿಂದ ತಂದ ಸುಮಾರು 60 ಸ್ಟಾರ್ಲಿಂಗ್‌ಗಳನ್ನು ಬಿಟ್ಟಿದ್ದರು. ಮನುಷ್ಯರು ತಂದು ಬಿಟ್ಟಿದ್ದಕ್ಕೆ ಹಕ್ಕಿಯನ್ನು ಬೈದು ಏನು ಪ್ರಯೋಜನ, ಅಲ್ವಾ?

ಗ್ರ್ಯಾಕಲ್ ಮಾತ್ರ ಇಲ್ಲಿಯದೇ ಹಕ್ಕಿ. ಅದರ ಫೋಟೋ ತೆಗೆಯುವುದು ಕಷ್ಟ. ಹಿಂದೆ ಹಿಮ ಇದ್ದರೆ ಕ್ಯಾಮೆರಾ ಬೆಳಕು ತಗ್ಗಿಸುತ್ತದೆ, ಹಕ್ಕಿ ಮಸಿಮುದ್ದೆಯಾಗುತ್ತದೆ. ಬೆಳಗಿನ ಬಿಸಿಲು ಪಕ್ಕದಿಂದ ಬೀಳುವ ಹಾಗೆ ಕಂಬ ತಿರುಗಿಸಿದೆ. ಆಮೇಲೆ ನೋಡಬೇಕು, ತಲೆಯಲ್ಲಿ ನೀಲಿ, ಬೆನ್ನಲ್ಲಿ ಕಂಚು, ಹಳದಿ ಕಣ್ಣು. ಇಂಥ ದೊಡ್ಡ ಹಕ್ಕಿಗಳಿಗೆ ಗೇಣು ದೂರದ ಈ ಲೆನ್ಸ್ ಹೇಳಿ ಮಾಡಿಸಿದ ಹಾಗಿದೆ. ಸಂಜೆ ಬೆಳಕಿಗೆ ಮಾತ್ರ ಆಗದು, ರೆಕ್ಕೆ ಅಲುಗಿದರೆ ಎಲ್ಲಾ ಮಸುಕು.

ಬ್ಯಾಟರಿ ಬಗ್ಗೆ ಬೇಸರವಿದೆ. ಲಿಥಿಯಂ ಬ್ಯಾಟರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಆಗಬಾರದು. ಹಾಗಾಗಿ ಜನವರಿಯಲ್ಲಿ ಸೋಲಾರ್ ಇದ್ದೂ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಒಳಗೆ ತಂದು ಚಾರ್ಜ್ ಮಾಡುತ್ತೇನೆ. ಹಕ್ಕಿ ಹೆಸರು ಹೇಳುವ ಆ್ಯಪ್ ಹೆಣ್ಣು ಗುಬ್ಬಚ್ಚಿಗೆ ದಿನಕ್ಕೊಂದು ಹೆಸರಿಡುತ್ತದೆ. ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಕಾಳು ಬದಲಿಸಿದ್ದು ಕೆಲಸಕ್ಕೆ ಬಂತು. ಒಂದು ಪಕ್ಕದಲ್ಲಿ ಬರೀ ಕುಸುಬೆ ಹಾಕಿದೆ, ನಮ್ಮ ಉತ್ತರ ಕರ್ನಾಟಕದಲ್ಲಿ ಎಣ್ಣೆಗೆ ಬೆಳೆಯುತ್ತಾರಲ್ಲ, ಅದೇ. ಸ್ಟಾರ್ಲಿಂಗ್, ಗ್ರ್ಯಾಕಲ್‌ಗೆ ಅದು ಅಷ್ಟಾಗಿ ಸೇರದು, ಕಾರ್ಡಿನಲ್‌ಗೆ ಇಷ್ಟ. ಈಗ ಕಾರ್ಡಿನಲ್ ದಿನಾ ಬರುತ್ತದೆ. ಇನ್ನೊಂದು ಪಕ್ಕದಲ್ಲಿ ಬೆಳಿಗ್ಗೆ ಒಂದು ಬೊಗಸೆ ಸೂರ್ಯಕಾಂತಿ, ಉಳಿದವರಿಗೆ.

ಕೊಳ್ಳುವ ಮುಂಚೆ ತಟ್ಟೆ ಪೂರ್ತಿ ಬಿಚ್ಚಲು ಬರುತ್ತದಾ ನೋಡಿ. ಎರಡು ವಾರಕ್ಕೊಮ್ಮೆಯಾದರೂ ತೊಳೆಯಲೇಬೇಕು, ಕೊಳೆ ತಟ್ಟೆಯಿಂದ ಹಕ್ಕಿಗಳಿಗೆ ಕಣ್ಣಿನ ರೋಗ ಹರಡುತ್ತದೆ.

ಬೆಂಗಳೂರಿನಲ್ಲಿರುವ ಅಮ್ಮನಿಗೆ ದಿನಾ ಗುಬ್ಬಚ್ಚಿ ಫೋಟೋ ಕಳಿಸುತ್ತೇನೆ. ಅವರ ಬೀದಿಯಲ್ಲಿ ಗುಬ್ಬಚ್ಚಿ ಕಂಡು ವರ್ಷಗಳಾದವು. ಒಂದು ದಿನ ತಪ್ಪಿದರೂ ಫೋನ್ ಮಾಡಿ ಕೇಳುತ್ತಾರೆ, "ಇವತ್ತು ಬರಲಿಲ್ವಾ?"