ಅಡಿಕೆ ರೇಟಿಗೊಂದು ಅಲಾರಂ: ಎಐ ಸಹಾಯಕನ ಜೊತೆ 10 ತಿಂಗಳು

ಅಪ್ಪನಿಗೆ ದಿನಾ ಸಂಜೆ ಶಿರಸಿ ಮಾರುಕಟ್ಟೆಯ ಅಡಿಕೆ ರೇಟು ಬೇಕು. ತೋಟ ಊರಲ್ಲಿ, ನಾನು ಬೆಂಗಳೂರಲ್ಲಿ. ರೇಟು ಹುಡುಕಿ ವಾಟ್ಸಾಪ್ ಮಾಡುವುದು ನನ್ನ ಕೆಲಸ, ಮರೆತರೆ ಬೈಗುಳವೂ ನನಗೇ. ಆ ಕೆಲಸವನ್ನು ಎಐ ಸಹಾಯಕನ ತಲೆಗೆ ಕಟ್ಟಿ 10 ತಿಂಗಳಾಯಿತು.

ಹೇಳಿದ ಹೊತ್ತಿಗೆ ತಾನೇ ಕೆಲಸ ಮಾಡಿ ತಿಳಿಸುವ ಈ ಸೌಲಭ್ಯ ಚಾಟ್‌ಜಿಪಿಟಿಗೆ 2025ರ ಜನವರಿಯಲ್ಲಿ ಬಂತು, ಗೂಗಲ್‌ನ ಜೆಮಿನೈಗೆ ಅದೇ ವರ್ಷದ ಜೂನ್‌ನಲ್ಲಿ. ಈಗ ಬೇರೆ ಆಪ್‌ಗಳಲ್ಲೂ ಇದೆ. ನನ್ನದು ಯಾವುದು ಅಂತ ಹೇಳಲ್ಲ, ದೂರು ಸ್ವಲ್ಪ ಜಾಸ್ತಿ ಇದೆ. ಹೊಂದಿಸುವುದೇನೋ ಸುಲಭ. 'ದಿನಾ ಸಂಜೆ 6.30ಕ್ಕೆ ಶಿರಸಿಯ ಅಡಿಕೆ ರೇಟು ಹುಡುಕಿ ಹೇಳು' ಅಂತ ಕನ್ನಡದಲ್ಲೇ ಬರೆದೆ, ಅಷ್ಟೇ. ಕೆಲಸ ನಡೆಯುವುದು ಅವರ ಸರ್ವರ್‌ನಲ್ಲಿ, ಹಾಗಾಗಿ ನನ್ನ ಫೋನ್ ಆಫ್ ಇದ್ದರೂ ನಿಲ್ಲುವುದಿಲ್ಲ.

ಮೊದಲ ದಿನ ಸಂಜೆ ಸದ್ದೇ ಇಲ್ಲ. ನಡುರಾತ್ರಿ ಸರಿಯಾಗಿ 12ಕ್ಕೆ ಟಿಂಗ್ ಅಂತು. ಗ್ರೀನಿಚ್ ಗಡಿಯಾರ ಹಿಡಿದು ಕೂತಿತ್ತು, ನಮಗೂ ಅದಕ್ಕೂ ಐದೂವರೆ ಗಂಟೆ ಅಂತರ. 'ಭಾರತದ ಸಮಯ' ಅಂತ ಸೇರಿಸಿದ ಮೇಲೆ ಸರಿಹೋಯಿತು.

ನಿಜವಾದ ತಲೆನೋವು ಶುರುವಾಗಿದ್ದು ಭಾನುವಾರ. ಮಾರುಕಟ್ಟೆಗೆ ರಜೆ, ಆದರೂ ರೇಟು ಬಂತು. ಶನಿವಾರದ ರೇಟಿಗೆ ಭಾನುವಾರದ ತಾರೀಕು ಹಾಕಿತ್ತು. ನಾನು ನೋಡದೆ ಹಾಗೇ ಕಳಿಸಿದೆ. 'ಇವತ್ತು ಯಾರಪ್ಪಾ ಟೆಂಡರ್ ಹಾಕಿದ್ದು?' ಅಂತ ಅಪ್ಪನ ಫೋನು. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಚಾಲಿ ಅಂತ ಬಗೆಗಳಿವೆ, ಒಂದೊಂದಕ್ಕೂ ಬೇರೆ ರೇಟು. ಇನ್ನೊಂದು ದಿನ ಶಿವಮೊಗ್ಗದ ರಾಶಿ ರೇಟನ್ನು ಶಿರಸಿಯದು ಅಂತ ಕೊಟ್ಟಿತ್ತು. ಬೆಟ್ಟೆಯನ್ನು 'ಬೆಟ್ಟದ ಅಡಿಕೆ' ಅಂತ ಬಿಡಿಸಿ ಬರೆದಿದ್ದಕ್ಕೆ ಮಾತ್ರ ಮನೆಯವರೆಲ್ಲ ನಕ್ಕರು.

ಸೂಚನೆಯನ್ನು ನಾಲ್ಕು ಸಲ ತಿದ್ದಿದೆ. ಚಾಲಿ, ರಾಶಿ, ಬೆಟ್ಟೆ ಬೇರೆ ಬೇರೆ ಸಾಲಿನಲ್ಲಿ ಇರಲಿ. ಕ್ವಿಂಟಾಲ್ ಲೆಕ್ಕ, ಕನಿಷ್ಠ ಮತ್ತು ಗರಿಷ್ಠ ಎರಡೂ ಬೇಕು. ರೇಟು ಎಲ್ಲಿಂದ ತಂದೆ, ಯಾವ ತಾರೀಕಿನದು ಅಂತ ಹೇಳು. ಇವತ್ತಿನದು ಸಿಗದಿದ್ದರೆ 'ಸಿಗಲಿಲ್ಲ' ಅನ್ನು, ಬೇರೇನೂ ಹೇಳಬೇಡ. ಈ ಕೊನೆಯ ಸಾಲು ಬರೆದ ಮೇಲೆಯೇ ಅದು ಉಪಯೋಗಕ್ಕೆ ಬಂದಿದ್ದು. ಈ ಯಂತ್ರಕ್ಕೆ ಮಾತು ಕಲಿಸಬೇಕಾಗಿಲ್ಲ, ಯಾವಾಗ ಬಾಯಿ ಮುಚ್ಚಬೇಕು ಅಂತ ಕಲಿಸಬೇಕು.

ಹುಮ್ಮಸ್ಸಿನಲ್ಲಿ ಇನ್ನೂ ಏನೇನೋ ಹಾಕಿದ್ದೆ. ಕರೆಂಟ್ ಬಿಲ್ಲು, ಹುಟ್ಟುಹಬ್ಬ, ಬೆಳಗಿನ ಸುದ್ದಿ. ಎಲ್ಲ ತೆಗೆದೆ. ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದಿನ ಸಿಂಪಡಣೆಯದ್ದೂ ಅಷ್ಟೇ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು ಅಲ್ವಾ, ಆ ಎರಡನೆಯದನ್ನು ನೆನಪಿಸು ಅಂದಿದ್ದೆ. ನೆನಪಿಸಿತು. ಆದರೆ ಅವತ್ತು ಜಡಿಮಳೆ, ಮದ್ದು ಹೊಡೆಯುವ ಕೊನೆಗೌಡ ಮರ ಹತ್ತುವ ಹಾಗೇ ಇರಲಿಲ್ಲ. ಇಷ್ಟಕ್ಕೆ ಎಐ ಯಾಕೆ, ಫೋನಿನ ಕ್ಯಾಲೆಂಡರ್ ಸಾಕಿತ್ತು. ದಿನಾ ಹೊಸದಾಗಿ ಹುಡುಕಬೇಕಾದ ವಿಷಯ ಇದ್ದರೆ ಮಾತ್ರ ಇದಕ್ಕೆ ದುಡ್ಡು ಕೊಡಿ.

ದೊಡ್ಡ ಕೊರತೆ ಅಂದರೆ ಅಪ್ಪನಿಗೆ ಅದೇ ನೇರವಾಗಿ ಕಳಿಸುವುದಿಲ್ಲ. ನನಗೆ ಬರುತ್ತದೆ, ನಾನು ತಾರೀಕು ನೋಡಿ ದಾಟಿಸಬೇಕು. ಆ ಭಾನುವಾರದ ಮೇಲೆ ಅದೇ ಒಳ್ಳೆಯದು ಅನ್ನಿಸಿದೆ.

5ಕ್ಕೆ 3 ನಕ್ಷತ್ರ ಕೊಡುತ್ತೇನೆ. ಅಪ್ಪ ಈಗಲೂ ಬೆಳಿಗ್ಗೆ ಪೇಪರಿನಲ್ಲಿ ಹಿಂದಿನ ದಿನದ ರೇಟು ತಾಳೆ ನೋಡುತ್ತಾರೆ. ಎರಡೂ ಒಂದೇ ಇದ್ದರೆ ಅವತ್ತು ನನಗೆ ಫೋನು ಬರುವುದಿಲ್ಲ.