ಮಾಂಸದ ಫಾಂಡ್ಯೂಗೆ ಕೊಂಡ ಸ್ಟೀಲ್ ಸೆಟ್: ಪಾತ್ರೆ ಉತ್ತಮ, ಒಲೆ ಸಾಲದು

ಸ್ವಿಟ್ಜರ್ಲೆಂಡಿನ ಮನೆಗಳಲ್ಲಿ ಕ್ರಿಸ್‌ಮಸ್ ಮತ್ತು ಹೊಸವರ್ಷದ ಹೊತ್ತಿಗೆ, ಮೇಜಿನ ನಡುವೆ ಕುದಿಯುವ ಸಾರಿನಲ್ಲಿ ತೆಳುವಾದ ಮಾಂಸದ ಹಾಳೆಗಳನ್ನು ಬೇಯಿಸಿಕೊಂಡು ತಿನ್ನುವ ‘ಫಾಂಡ್ಯೂ ಶಿನ್ವಾಜ್’ ಬಹಳ ಪ್ರಿಯವಾದ ಊಟ. ಜ್ಯೂರಿಕ್‌ನ ನಮ್ಮ ಮನೆಗೆ ಆರು ಮಂದಿ ಅತಿಥಿಗಳನ್ನು ಕರೆದಾಗ ಪಾತ್ರೆ, ಜೆಲ್ ಇಂಧನದಿಂದ ಉರಿಯುವ ಪುಟ್ಟ ಒಲೆ ಮತ್ತು ಮಾಂಸ ಚುಚ್ಚಿ ಅದ್ದುವ ಕಡ್ಡಿಗಳಿರುವ ಈ ಸೆಟ್ಟನ್ನು ಕೊಂಡೆವು.

ಕರಗಿದ ಚೀಸ್‌ಗೆ ಬ್ರೆಡ್ ಅದ್ದಿ ತಿನ್ನುವ ಚೀಸ್ ಫಾಂಡ್ಯೂವಿನ ಮಣ್ಣಿನ ಪಾತ್ರೆ ಕಾದ ಎಣ್ಣೆಗೆ ಸೀಳಬಹುದಾದ್ದರಿಂದ, ದನದ ಮಾಂಸದ ತುಂಡುಗಳನ್ನು ಎಣ್ಣೆಯಲ್ಲಿ ಕರಿಯುವ ‘ಬೂರ್ಗಿನ್ಯೋನ್’ ಬಗೆಗೆ ಲೋಹದ ಪಾತ್ರೆಯೇ ಬೇಕು. ಈ ಸೆಟ್ಟಿನ ಪಾತ್ರೆಯ ಬಾಯಿ ಒಳಕ್ಕೆ ಬಾಗಿದ್ದು ಸಿಡಿತ ಕಡಿಮೆಯಾಗುತ್ತದೆ. ಮಕ್ಕಳೂ ಕೂತಿದ್ದ ಮೇಜಿನಲ್ಲಿ ಇದು ನನಗೆ ದೊಡ್ಡ ನೆಮ್ಮದಿ. ಕಡ್ಡಿಗಳ ತುದಿಯ ಬಣ್ಣಗಳು ಬೇರೆಬೇರೆಯಾಗಿರುವುದರಿಂದ ಯಾರದು ಯಾವುದೆಂಬ ಗೊಂದಲವಿಲ್ಲ.

ಜೆಲ್ ಒಲೆಯ ಬಗ್ಗೆ ಮಾತ್ರ ಬೇಸರವಿದೆ. ಎಣ್ಣೆ ಸುಮಾರು 180 ಡಿಗ್ರಿಯಲ್ಲಿ ನಿಲ್ಲಬೇಕು, ಆದರೆ ಎಲ್ಲರೂ ಒಟ್ಟಿಗೆ ಮಾಂಸ ಇಳಿಸಿದೊಡನೆ ಶಾಖ ಕುಸಿದು, ತುಂಡುಗಳು ಕರಿಯುವ ಬದಲು ಎಣ್ಣೆ ಕುಡಿದವು. ಸಾರಿಗಾದರೆ ಈ ಒಲೆ ಸಾಕು: ತಲೆಗೆ 200 ಗ್ರಾಂನಂತೆ ತಂದ ಮಾಂಸವೆಲ್ಲ ಹದವಾಗಿ ಬೆಂದು, ಕೊನೆಗೆ ಅದರ ರಸವೆಲ್ಲ ಇಳಿದ ಆ ಸಾರನ್ನು ಬಟ್ಟಲುಗಳಲ್ಲಿ ಬಡಿಸಿದಾಗ ಮೇಜು ಕ್ಷಣಕಾಲ ಮೌನವಾಯಿತು. ಹಸಿ ಮಾಂಸ ಮುಟ್ಟಿದ ಕಡ್ಡಿಯಿಂದ ತಿನ್ನಬಾರದು. ಊಟಕ್ಕೆ ಬೇರೆ ಫೋರ್ಕ್ ಇಡಿ.