ಪೊರೆಯ ಶಸ್ತ್ರಚಿಕಿತ್ಸೆಗೆ ಅರಿವಳಿಕೆ: ಹನಿಯೋ, ಸೂಜಿಯೋ?

ಕಣ್ಣಿನ ಪೊರೆ ತೆಗೆಸಲು ಇಂದು ಯಾವ ಖಾಸಗಿ ಆಸ್ಪತ್ರೆಗೆ ಹೋದರೂ ಮಾತು ಲೆನ್ಸಿನಿಂದ ಆರಂಭವಾಗಿ ಲೆನ್ಸಿನಲ್ಲೇ ಮುಗಿಯುತ್ತದೆ. ನಮ್ಮ ದೇಶದ್ದು, ಹೊರದೇಶದ್ದು, ದೂರಕ್ಕೆ ಮಾತ್ರ ಕಾಣಿಸುವಂಥದ್ದು, ಓದುವುದಕ್ಕೂ ಒದಗುವಂಥದ್ದು ಎಂದು ಕೌನ್ಸೆಲರ್ ಹಾಳೆ ತಿರುವಿ ತಿರುವಿ ವಿವರಿಸುತ್ತಾರೆ. ಅರಿವಳಿಕೆಯ ಪಾಲಿಗೆ ಬರುವುದು ‘ಇಂಜೆಕ್ಷನ್ ಇಲ್ಲ, ಹೊಲಿಗೆ ಇಲ್ಲ, ಪಟ್ಟಿ ಇಲ್ಲ’ ಎಂಬ ಒಂದೇ ಸಾಲು. ದಾವಣಗೆರೆಯ ಒಂದು ಖಾಸಗಿ ಕಣ್ಣಾಸ್ಪತ್ರೆಯಲ್ಲಿ ನನ್ನ ತಾಯಿಯವರ ಎರಡೂ ಕಣ್ಣುಗಳಿಗೆ, ಆಮೇಲೆ ತಂದೆಯವರ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಅಮ್ಮನಿಗೆ ಹನಿ ಹಾಕಿಯೇ ಕೆಲಸ ಮುಗಿಸಿದರು, ಅಪ್ಪನಿಗೆ ಔಷಧವನ್ನು ಕಣ್ಣಿನ ಹಿಂಭಾಗಕ್ಕೆ ಕೊಟ್ಟರು. ಇಬ್ಬರಿಗೂ ಒಂದೇ ಬಗೆಯ ಅರಿವಳಿಕೆ ಕೊಡದೇ ಇದ್ದದ್ದೇ ಆ ಆಸ್ಪತ್ರೆಯ ದೊಡ್ಡ ಗುಣ ಎಂಬುದು ನನ್ನ ಅಭಿಪ್ರಾಯ.

ಹನಿಯ ವಿಧಾನವನ್ನು ಹೊಸ ಸೌಕರ್ಯ ಎಂಬಂತೆ ಜಾಹೀರಾತು ಮಾಡುತ್ತಾರಾದರೂ ಅದು ಸೂಜಿಯಷ್ಟೇ ಹಳೆಯದು. 1884ರಲ್ಲಿ ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೊಲರ್, ಕೊಕೇನ್ ದ್ರಾವಣದ ಹನಿ ಹಾಕಿದರೆ ಕಣ್ಣಿನ ಮೇಲ್ಮೈ ಸ್ಪರ್ಶಜ್ಞಾನ ಕಳೆದುಕೊಳ್ಳುತ್ತದೆ ಎಂದು ತೋರಿಸಿದ ಮೇಲೆಯೇ ಎಚ್ಚರವಿರುವ ರೋಗಿಯ ಕಣ್ಣನ್ನು ನೋವಿಲ್ಲದೆ ಕೊಯ್ಯುವುದು ಸಾಧ್ಯವಾಯಿತು. ಆದರೆ ಆ ಕಾಲದ ದೊಡ್ಡ ಸೀಳಿಗೆ ಮೇಲ್ಮೈ ಮರಗಟ್ಟಿದರೆ ಸಾಲುತ್ತಿರಲಿಲ್ಲ. ಕಣ್ಣುಗುಡ್ಡೆ ಅಲುಗಾಡದಂತೆಯೂ ನಿಲ್ಲಬೇಕಿತ್ತು. ಹೀಗಾಗಿ ಗುಡ್ಡೆಯ ಹಿಂದಕ್ಕೆ ಅಥವಾ ಅದರ ಸುತ್ತಲಿಗೆ ಸೂಜಿಯಿಂದ ಔಷಧ ಕೊಡುವ ಪದ್ಧತಿ ದಶಕಗಳ ಕಾಲ ನಡೆಯಿತು. ಪೊರೆಯನ್ನು ಅಲ್ಟ್ರಾಸೌಂಡ್ ಕಂಪನದಿಂದ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನ ನೆಲೆಯೂರಿ, ಸೀಳು ಮೂರು ಮಿಲಿಮೀಟರಿನ ಆಸುಪಾಸಿಗೆ ಇಳಿದ ಮೇಲೆ, 1990ರ ದಶಕದಲ್ಲಿ ಹನಿಗೆ ಮತ್ತೆ ಕಾಲ ಬಂತು.

ಅಮ್ಮನ ಪ್ರಸಂಗದಲ್ಲಿ ಹನಿಯ ಆಯ್ಕೆಗೆ ಸಕಾರಣವಿತ್ತು. ಪೊರೆ ಇನ್ನೂ ಬಲಿತಿರಲಿಲ್ಲ, ಅವರ ಕಿವಿ ಚುರುಕಾಗಿದೆ, ಹೇಳಿದ ಮಾತು ಕೇಳಿ ಕಣ್ಣನ್ನು ಒಂದೆಡೆ ನಿಲ್ಲಿಸಬಲ್ಲರು. ಪ್ರೊಪಾರಾಕೇನ್ ಹನಿ ಬಿದ್ದಾಗ ಕ್ಷಣಕಾಲ ಉರಿಯುತ್ತದೆ, ಅರ್ಧ ನಿಮಿಷದೊಳಗೆ ಆ ಉರಿಯೂ ತಿಳಿಯದಂತಾಗುತ್ತದೆ. ಪರಿಣಾಮ ಸುಮಾರು ಹದಿನೈದು ನಿಮಿಷವಿರುವುದರಿಂದ ನಡುನಡುವೆ ಮತ್ತೆ ಹಾಕುತ್ತಾರೆ. ಇದು ಮರಗಟ್ಟಿಸುವುದು ಕಣ್ಣಿನ ಹೊರ ಪದರಗಳನ್ನು ಮಾತ್ರ. ಒಳಗಿನ ಪಾಪೆಗೂ ಅದರ ಹಿಂದಿನ ಸ್ನಾಯುವಿಗೂ ಅರಿವು ಇದ್ದೇ ಇರುತ್ತದೆ. ಆದ್ದರಿಂದಲೇ ಸಂರಕ್ಷಕ ರಾಸಾಯನಿಕ ಬೆರೆಸದ ಶೇ. 1ರ ಲಿಡೊಕೇನ್ ಅನ್ನು ಸೀಳಿನ ಮೂಲಕ ಕಣ್ಣಿನೊಳಕ್ಕೂ ಸ್ವಲ್ಪ ಬಿಡುವ ಕ್ರಮವಿದೆ. ‘ನೋವೇ ಇರುವುದಿಲ್ಲ’ ಎಂದು ಸಾರಾಸಗಟಾಗಿ ಹೇಳುವ ಬದಲು, ‘ಚುಚ್ಚಿದ ಹಾಗೆ ಆಗುವುದಿಲ್ಲ, ಆದರೆ ಒಳಗೆ ನೀರು ತುಂಬಿದಾಗ ಒತ್ತಿದ ಹಾಗೆ ಆಗುತ್ತದೆ’ ಎಂದು ಇಲ್ಲಿಯ ವೈದ್ಯೆ ಮೊದಲೇ ತಿಳಿಸಿದ್ದರು. ಒಳಗೆ ಆದದ್ದೂ ಅಷ್ಟೇ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನೋವಿಗಿಂತ ಹೆಚ್ಚು ಕಾಡಿದ್ದು ಬೇರೆ ಸಂಗತಿಗಳು ಎಂದು ಅಮ್ಮ ಹೇಳುತ್ತಾರೆ. ರೆಪ್ಪೆಗಳನ್ನು ಅಗಲಿಸಿ ಹಿಡಿಯುವ ತಂತಿಯ ಸಾಧನ, ಮುಖದ ಮೇಲೆ ಹೊದಿಸುವ ಹಾಳೆ, ಏಸಿಯ ಚಳಿ, ಮಟ್ಟಸವಾದ ಮೇಜಿನ ಮೇಲೆ ಅಲುಗಾಡದೆ ಮಲಗಿದ್ದರಿಂದ ಸೊಂಟದಲ್ಲಿ ಎದ್ದ ನೋವು, ಇವು. ಮಂಡಿಯ ಕೆಳಗೆ ಒಂದು ದಿಂಬಿಟ್ಟ ಮೇಲೆ ಸೊಂಟ ಸರಿಹೋಯಿತು. ಹಾಳೆಯ ಕೆಳಗೆ ಉಸಿರು ಕಟ್ಟಿದಂತಾಗಬಾರದೆಂದು ಆಮ್ಲಜನಕದ ಕೊಳವೆ ಇಟ್ಟಿದ್ದರು. ಸೂಕ್ಷ್ಮದರ್ಶಕದ ಬೆಳಕು ಮೊದಲು ಕಣ್ಣು ಕುಕ್ಕಿ, ಆಮೇಲೆ ಕೆಂಪು, ನೀಲಿ ಬಣ್ಣಗಳು ನೀರಿಗೆ ಬಿದ್ದ ರಂಗಿನಂತೆ ಕದಡುತ್ತಿದ್ದವಂತೆ. ಹೀಗೆ ಬಣ್ಣ ಕಾಣುವುದು ಸಾಮಾನ್ಯ. ಆದರೆ ಮುಂಚಿತವಾಗಿ ಹೇಳದಿದ್ದರೆ ರೋಗಿ ದೃಷ್ಟಿಯೇ ಹೋಯಿತೇನೋ ಎಂದು ಗಾಬರಿಯಾಗಬಹುದು. ಸಿಸ್ಟರ್ ಒಬ್ಬರು ಕೊನೆಯವರೆಗೂ ಅಮ್ಮನ ಕೈ ಹಿಡಿದು ಕುಳಿತಿದ್ದರು. ‘ಕೆಮ್ಮು ಬಂದರೆ ತಲೆ ಅಲ್ಲಾಡಿಸಬೇಡಿ ಅಮ್ಮಾ, ನನ್ನ ಕೈ ಒತ್ತಿ, ಡಾಕ್ಟರು ನಿಲ್ಲಿಸುತ್ತಾರೆ’ ಎಂಬ ಅವರ ಒಂದು ಮಾತು ನಿದ್ದೆಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು ಎನ್ನಬೇಕು. ಮಂಪರು ಬರಿಸುವ ಔಷಧವನ್ನು ಇಲ್ಲಿ ಎಲ್ಲರಿಗೂ ಕೊಡುವುದಿಲ್ಲ. ಅದು ನನಗೆ ಸರಿಯೆನಿಸಿತು, ಏಕೆಂದರೆ ಅರೆನಿದ್ದೆಗೆ ಜಾರಿದ ರೋಗಿ ಥಟ್ಟನೆ ಎಚ್ಚರಗೊಂಡು ತಲೆ ಎತ್ತಿದರೆ, ಉಪಕರಣ ಕಣ್ಣಿನೊಳಗಿರುವಾಗ ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ಎರಡನೆಯ ಕಣ್ಣಿನ ಸರದಿಯಲ್ಲಿ ಅಮ್ಮನಿಗೆ ಒತ್ತಡ ಸ್ವಲ್ಪ ಹೆಚ್ಚಾಗಿಯೇ ಅನುಭವಕ್ಕೆ ಬಂತು. ಇದು ಹಲವು ರೋಗಿಗಳು ಹೇಳುವ ಮಾತು, ವೈದ್ಯಕೀಯ ಅಧ್ಯಯನಗಳಲ್ಲೂ ದಾಖಲಾಗಿದೆ. ಮೊದಲ ಬಾರಿಯ ಆತಂಕ ತಗ್ಗಿದ್ದರಿಂದ ಗಮನವೆಲ್ಲ ಕಣ್ಣಿನ ಕಡೆಗೇ ಹೋಗುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಹೇಳಿದ ಕೂಡಲೇ ಇನ್ನಷ್ಟು ಔಷಧ ಬಿಟ್ಟು, ಅದು ಹಿಡಿಯುವವರೆಗೆ ಕಾದು ಮುಂದುವರಿಸಿದರಂತೆ.

ಅಪ್ಪನದು ಬೇರೆಯೇ ಲೆಕ್ಕ. ಎರಡೂ ಕಿವಿ ಮಂದ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳುಮಾಡುವ ಕ್ಲೊಪಿಡೊಗ್ರೆಲ್ ನುಂಗುತ್ತಾರೆ, ಪೊರೆಯೂ ಗಟ್ಟಿಯಾಗಿತ್ತು. ‘ಬೆಳಕನ್ನೇ ನೋಡಿ’ ಎಂಬುದು ಕೇಳಿಸದ ರೋಗಿಗೆ ಹನಿ ಮಾತ್ರ ಹಾಕಿ ಕೊಯ್ಯುವುದೆಂದರೆ ವೈದ್ಯರು ಅಲುಗಾಡುವ ಕಣ್ಣಿನ ಹಿಂದೆ ಓಡಾಡಬೇಕಾಗುತ್ತದೆ. ಹಾಗೆಂದು ಚೂಪು ಸೂಜಿಯನ್ನು ಹಿಂದಕ್ಕೆ ಹಾಯಿಸಿದರೆ ರಕ್ತಸ್ರಾವದ ಭಯ. ಸೂಜಿಯ ಪದ್ಧತಿಯಲ್ಲಿ ಗುಡ್ಡೆಯ ಹಿಂದೆ ರಕ್ತ ಕಟ್ಟುವುದು, ಗುಡ್ಡೆಗೇ ಸೂಜಿ ತಾಗುವುದು, ಔಷಧ ನರದ ಹೊದಿಕೆಯೊಳಗೆ ಸೇರಿ ಮೆದುಳಿನವರೆಗೆ ಹೋಗಿ ಉಸಿರಾಟಕ್ಕೆ ತೊಂದರೆಯಾಗುವುದು, ಇವೆಲ್ಲ ಅಪರೂಪವಾದರೂ ಆಗಬಹುದಾದ ತೊಡಕುಗಳು. ಹೆಚ್ಚಿನ ಮೈನಸ್ ನಂಬರಿನ ಕನ್ನಡಕ ಹಾಕುವವರ ಗುಡ್ಡೆ ಉದ್ದವಾಗಿರುವುದರಿಂದ ಸೂಜಿ ತಾಗುವ ಸಂಭವ ಅವರಲ್ಲಿ ಜಾಸ್ತಿ. ಅಂಥವರು ಇದನ್ನು ತಾವಾಗಿಯೇ ಕೇಳಿ ತಿಳಿಯುವುದು ಒಳ್ಳೆಯದು.

ವೈದ್ಯೆ ಆರಿಸಿಕೊಂಡದ್ದು ಸಬ್-ಟೆನನ್ ಎಂಬ ಮಧ್ಯಮ ಮಾರ್ಗವನ್ನು. ಮೊದಲು ಹನಿ ಹಾಕಿ, ಬಿಳಿಗುಡ್ಡೆಯ ಮೇಲಿನ ತೆಳುವಾದ ಪದರವನ್ನು ಮೂಗಿನ ಪಕ್ಕದ ಕೆಳಮೂಲೆಯಲ್ಲಿ ಕತ್ತರಿಯಿಂದ ಚೂರು ತೆರೆದು, ತುದಿ ಮೊಂಡಾಗಿರುವ ಬಾಗಿದ ಕೊಳವೆಯಿಂದ ಔಷಧವನ್ನು ಗುಡ್ಡೆಯ ಸುತ್ತ ಹರಿಸುತ್ತಾರೆ. ಚೂಪು ತುದಿಯೇ ಇಲ್ಲದ್ದರಿಂದ ಚುಚ್ಚಿಹೋಗುವ ಅಪಾಯ ಬಹಳ ಕಡಿಮೆ. ಹೃದ್ರೋಗ ತಜ್ಞರನ್ನು ಕೇಳಿ, ಕ್ಲೊಪಿಡೊಗ್ರೆಲ್ ನಿಲ್ಲಿಸದೆಯೇ ಮಾಡಿದರು. ಅಪ್ಪನ ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್, ತೋಳಿಗೆ ಬಿಪಿಯ ಪಟ್ಟಿ, ಮುಂಗೈಗೆ ಮೊದಲೇ ಹಾಕಿಟ್ಟ ಐವಿ ಸೂಜಿ, ಪಕ್ಕದಲ್ಲಿ ಅರಿವಳಿಕೆ ತಜ್ಞರು. ಏನೂ ಆಗಲಾರದೆಂಬ ನಂಬಿಕೆಯ ಜೊತೆಗೆ ಆದರೆ ಏನು ಮಾಡಬೇಕೆಂಬ ಸಿದ್ಧತೆಯೂ ಕಂಡಿತು. ಔಷಧ ಒಳಹೋಗುವಾಗ ಕಣ್ಣು ತುಂಬಿಬಂದಂತಾಯಿತು ಎಂದದ್ದು ಬಿಟ್ಟರೆ ಅಪ್ಪನಿಂದ ಬೇರೆ ದೂರಿಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಬಿಳಿಗುಡ್ಡೆಯ ಮೂಲೆ ರಕ್ತದಂತೆ ಕೆಂಪಾಗಿತ್ತು. ನೋಡುವವರಿಗೆ ಹೆದರಿಕೆ ಹುಟ್ಟಿಸುವ ಈ ಕೆಂಪು ಈ ವಿಧಾನದಲ್ಲಿ ಆಗಾಗ ಕಾಣುವಂಥದ್ದೇ; ದೃಷ್ಟಿಗೆ ಇದರಿಂದ ಹಾನಿಯಿಲ್ಲ, ದಿನ ಕಳೆದಂತೆ ತಾನೇ ಕರಗುತ್ತದೆ.

‘ಇಂಜೆಕ್ಷನ್ ಇಲ್ಲ’ ಎಂಬ ಬೋರ್ಡಿನ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಸರ್ಕಾರಿ ಆಸ್ಪತ್ರೆಗಳಲ್ಲಿ, ಉಚಿತ ಶಿಬಿರಗಳಲ್ಲಿ ಯಂತ್ರವಿಲ್ಲದೆ ಸಣ್ಣ ಸೀಳಿನಿಂದ ಪೊರೆ ತೆಗೆಯುವ ವಿಧಾನಕ್ಕೆ ಸಾಮಾನ್ಯವಾಗಿ ಇಂಜೆಕ್ಷನ್ ಬೇಕೇ ಬೇಕು, ಮತ್ತು ಪೂರ್ತಿ ಹಣ್ಣಾದ ಪೊರೆಗೆ ಆ ವಿಧಾನ ಯಾವುದಕ್ಕೂ ಕಡಿಮೆಯಲ್ಲ. ಸೂಜಿ ಹಾಕಿದರೆಂದರೆ ಅಗ್ಗದ ಚಿಕಿತ್ಸೆ, ಹನಿ ಹಾಕಿದರೆಂದರೆ ಉತ್ತಮ ಚಿಕಿತ್ಸೆ ಎಂಬ ಭಾವನೆಯನ್ನು ಬಿತ್ತುತ್ತಿರುವುದು ಪ್ಯಾಕೇಜಿನ ಭಾಷೆ. ನಾನು ಹೇಳುತ್ತಿರುವ ಆಸ್ಪತ್ರೆಯ ಸ್ವಾಗತ ಕೋಣೆಯಲ್ಲೂ ಅಂಥದೇ ಬೋರ್ಡಿದೆ. ಒಳಗಿನ ವೈದ್ಯೆ ಅದನ್ನು ಲೆಕ್ಕಕ್ಕಿಟ್ಟುಕೊಳ್ಳದೇ ಇದ್ದದ್ದು ನಮ್ಮ ಪುಣ್ಯ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಒಪ್ಪಿಗೆ ಪತ್ರದ ಪಾಲಿನದು. ಪಾಪೆ ಹಿಗ್ಗಿಸುವ ಹನಿಗಳನ್ನು ಮತ್ತೆ ಮತ್ತೆ ಹಾಕಿ, ಹತ್ತಿರದ್ದೇನೂ ಓದಲಾಗದ ಸ್ಥಿತಿಗೆ ರೋಗಿಯನ್ನು ತಂದ ಮೇಲೆ, ಸಣ್ಣ ಅಕ್ಷರದ ಇಂಗ್ಲಿಷ್ ಹಾಳೆಯೊಂದನ್ನು ಮುಂದಿಟ್ಟು ‘ಇಲ್ಲಿ ಸಹಿ ಮಾಡಿ’ ಎನ್ನುವುದು ಎಲ್ಲಿಯ ನ್ಯಾಯ? ಅರಿವಳಿಕೆಯ ತೊಡಕುಗಳೆಲ್ಲ ಅದರಲ್ಲೇ ಇವೆ. ಕನ್ನಡದಲ್ಲಿ ಅಚ್ಚು ಹಾಕಿಸಿ, ಲೆನ್ಸ್ ಆರಿಸುವ ದಿನವೇ ಮನೆಗೆ ಕಳಿಸಿಕೊಟ್ಟರೆ ಆಸ್ಪತ್ರೆಗೆ ಹೆಚ್ಚಿನ ಖರ್ಚೇನೂ ಇಲ್ಲ. ಈ ಮಾತನ್ನು ಸಲಹಾಪೆಟ್ಟಿಗೆಯಲ್ಲೂ ಬರೆದು ಹಾಕಿದ್ದೇನೆ.

ಮನೆಗೆ ಕಳಿಸುವಾಗ ಕೊಟ್ಟ ಸೂಚನೆಯ ಚೀಟಿ ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿತ್ತು. ಹಿಂಭಾಗಕ್ಕೆ ಔಷಧ ಕೊಟ್ಟವರಿಗೆ ಅದರ ಪರಿಣಾಮ ಇಳಿಯುವವರೆಗೆ ಕೆಲವು ತಾಸು ಒಂದು ವಸ್ತು ಎರಡಾಗಿ ಕಾಣಬಹುದು, ರೆಪ್ಪೆ ಪೂರ್ತಿ ಮುಚ್ಚದೇ ಇರಬಹುದು, ಆದ್ದರಿಂದ ಪಟ್ಟಿ ತೆಗೆಯಬಾರದು, ಮೆಟ್ಟಿಲಿಳಿಯುವಾಗ ಜೊತೆಗೊಬ್ಬರಿರಬೇಕು ಎಂದು ಅದರಲ್ಲಿ ವಿವರವಾಗಿ ಬರೆದಿದ್ದರು. ಔಷಧದಂಗಡಿಯಲ್ಲಿ ನಮ್ಮ ಮುಂದಿದ್ದ ಹಿರಿಯರೊಬ್ಬರು ‘ಒಳಗೆ ಹಾಕಿದರಲ್ಲ, ಆ ನೋವು ಹೋಗುವ ಡ್ರಾಪ್ಸೂ ಒಂದು ಕೊಡಿಯಪ್ಪ’ ಎಂದು ಕೇಳಿದರು. ಮರಗಟ್ಟಿಸುವ ಹನಿಯನ್ನು ಮನೆಯಲ್ಲಿ ದಿನವೂ ಹಾಕಿಕೊಂಡರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ ಹುಣ್ಣಾಗಿ ದೃಷ್ಟಿಗೇ ಕುತ್ತು ಬರುತ್ತದೆ. ಅಂಗಡಿಯ ಹುಡುಗ ಕೊಡುವುದಿಲ್ಲ ಎಂದಷ್ಟೇ ಹೇಳಿ ಕಳಿಸದೆ, ಕಾರಣ ತಿಳಿಸಿ, ನೋವು ಜಾಸ್ತಿಯಾದರೆ ರಾತ್ರಿಯಾದರೂ ಫೋನ್ ಮಾಡಿ ಎಂದು ಚೀಟಿಯ ಮೇಲಿನ ನಂಬರಿಗೆ ಗೆರೆ ಎಳೆದುಕೊಟ್ಟ.